ಎರಡು ವರ್ಷ ಇಲ್ಲಿ, ಎರಡು ವರ್ಷ ಅಲ್ಲಿ

ಮಕ್ಕಳೇ, ಈ ವಾರದ ಪುಟವನ್ನು ಅಜ್ಜ ಅಜ್ಜಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಓದಿ. ಇದು ನಿಮಗೆ ಎಷ್ಟೋ ಅವರಿಗೂ ಅಷ್ಟೇ ಬೇಕಾದ ಮಾತು.

ನನ್ನ ಬೆಳಗಿನ ವಾಕಿಂಗ್ ಗೆಳೆಯರೊಬ್ಬರ ಮಗಳು ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದಲ್ಲಿದ್ದಾಳೆ. ಅವಳ ಮಗನಿಗೆ ಎಂಜಿನಿಯರ್ ಆಗುವ ಆಸೆ. ಅಲ್ಲಿನ ಪೆನ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಅವನಿಗೆ ಸೀಟು ಸಿಕ್ಕಿತು. ಆದರೆ ಸಿಕ್ಕಿದ್ದು ಮನೆಗೆ ಹತ್ತಿರದ ಚಿಕ್ಕ ಕ್ಯಾಂಪಸ್ಸಿನಲ್ಲಿ. ಗೆಳೆಯರು ಈ ಸುದ್ದಿಯನ್ನು ನೆಂಟರಿಗೆ ಹೇಳಲೇ ಇಲ್ಲ. “ಸರಿಯಾದ ಕಡೆ ಸಿಗಲಿಲ್ಲ ರಾಯರೇ” ಎಂದು ನನ್ನೆದುರು ಪೇಚಾಡಿಕೊಂಡರು. ಮೊಮ್ಮಗನಿಗೂ ಫೋನಿನಲ್ಲಿ “ಒಂದು ವರ್ಷ ಹೋದರೆ ಹೋಗಲಿ, ಮತ್ತೆ ಪ್ರಯತ್ನ ಮಾಡು” ಎಂದರಂತೆ. ಅಂದಿನಿಂದ ಅವನು ತಾತನ ಫೋನಿಗೆ ಸಿಗುವುದೇ ಅಪರೂಪವಾಗಿದೆ.

ಮೂವತ್ತು ವರ್ಷಕ್ಕೂ ಹೆಚ್ಚು ಬ್ಯಾಂಕಿನ ಕೌಂಟರಿನಲ್ಲಿ ಕೂತ ನನಗೆ ಈ ವಿಷಯ ಬ್ಯಾಂಕಿನ ಭಾಷೆಯಲ್ಲೇ ಅರ್ಥವಾಗುತ್ತದೆ. ಹೋಬಳಿಯ ಶಾಖೆಯಲ್ಲಿ ಖಾತೆ ತೆರೆದವರನ್ನು ‘ಇವರು ಚಿಕ್ಕ ಬ್ಯಾಂಕಿನ ಗಿರಾಕಿ’ ಎಂದು ಯಾರಾದರೂ ಕರೆಯುತ್ತಾರೆಯೇ? ಬ್ಯಾಂಕು ಒಂದೇ, ಶಾಖೆ ಬೇರೆ. ಪಟ್ಟಣಕ್ಕೆ ಹೋದಾಗ ಖಾತೆಯನ್ನು ಅಲ್ಲಿಗೆ ವರ್ಗಾಯಿಸಿಕೊಂಡರಾಯಿತು.

ಪೆನ್ ಸ್ಟೇಟ್ 1855ರಲ್ಲಿ ಶುರುವಾದ ಸಂಸ್ಥೆ. ಅದರ ದೊಡ್ಡ ಕ್ಯಾಂಪಸ್ಸಿನ ಹೆಸರು ಯೂನಿವರ್ಸಿಟಿ ಪಾರ್ಕ್. ಅದಿರುವ ಊರಿನ ಹೆಸರೇ ‘ಸ್ಟೇಟ್ ಕಾಲೇಜ್’! ಮಕ್ಕಳೇ, ನಮ್ಮಲ್ಲಿ ಒಂದು ಊರಿಗೆ ‘ಸರ್ಕಾರಿ ಕಾಲೇಜು’ ಎಂದು ಹೆಸರಿಟ್ಟ ಹಾಗೆ. ಇದಲ್ಲದೆ ರಾಜ್ಯದುದ್ದಕ್ಕೂ ಅದರ ಚಿಕ್ಕ ಕ್ಯಾಂಪಸ್ಸುಗಳು ಹರಡಿವೆ. ಮೊದಲ ಎರಡು ವರ್ಷ ಅಲ್ಲೊಂದರಲ್ಲಿ ಓದಿ, ಉಳಿದ ಎರಡು ವರ್ಷ ಯೂನಿವರ್ಸಿಟಿ ಪಾರ್ಕಿಗೆ ಹೋಗಿ ಪದವಿ ಮುಗಿಸುವ ಕ್ರಮಕ್ಕೆ ‘ಎರಡು ಕೂಡಿಸು ಎರಡು’ ಎಂದೇ ಹೆಸರು. ಕೊನೆಗೆ ಕೈಗೆ ಬರುವುದು ಅದೇ ವಿಶ್ವವಿದ್ಯಾಲಯದ ಪದವಿ.

ಎಂಜಿನಿಯರಿಂಗಿನ ಮೊದಲೆರಡು ವರ್ಷದಲ್ಲಿ ಹೆಚ್ಚಿನ ಪಾಲು ಗಣಿತ, ಭೌತಶಾಸ್ತ್ರ, ರಸಾಯನಶಾಸ್ತ್ರಗಳೇ. ಚಿಕ್ಕ ಕ್ಯಾಂಪಸ್ಸಿನ ತರಗತಿಯಲ್ಲಿ ಹುಡುಗರು ಕಡಿಮೆ, ಮೇಷ್ಟರು ಬೇಗ ಗುರುತು ಹಿಡಿಯುತ್ತಾರೆ. ಶುಲ್ಕವೂ ಕಡಿಮೆ. ಮನೆಯಿಂದಲೇ ಹೋಗಿ ಬಂದರೆ ಹಾಸ್ಟೆಲ್ ಖರ್ಚು ಉಳಿಯಿತು, ಅಮ್ಮನ ಕೈಯೂಟ ಸಿಕ್ಕಿತು.

ಹಾಗಾದರೆ ಎಲ್ಲವೂ ಸುಲಭವೇ? ಇಲ್ಲ. ವಿಶ್ವವಿದ್ಯಾಲಯಕ್ಕೆ ಸೇರುವುದು ಒಂದು, ಎಂಜಿನಿಯರಿಂಗ್ ವಿಭಾಗಕ್ಕೆ ಸೇರುವುದು ಇನ್ನೊಂದು. ಎರಡನೆಯದು ನಿರ್ಧಾರವಾಗುವುದು ಸುಮಾರು ಎರಡು ವರ್ಷ ಓದಿದ ಮೇಲೆ. ಕ್ಯಾಲ್ಕುಲಸ್‌ನ ಎರಡು ಪಾಠ, ರಸಾಯನಶಾಸ್ತ್ರ, ಭೌತಶಾಸ್ತ್ರ ಇವುಗಳಲ್ಲಿ ಕನಿಷ್ಠ ‘ಸಿ’ ಗ್ರೇಡ್ ಬಂದಿರಬೇಕು. ಒಟ್ಟು ಸರಾಸರಿಯೂ ಗೊತ್ತುಮಾಡಿದ ಮಟ್ಟದಲ್ಲಿರಬೇಕು. ಬೇಡಿಕೆ ಹೆಚ್ಚಿರುವ ವಿಭಾಗಕ್ಕೆ ಆ ಮಟ್ಟವೂ ಹೆಚ್ಚು. ಗಮನಿಸಿ, ದೊಡ್ಡ ಕ್ಯಾಂಪಸ್ಸಿಗೆ ಮೊದಲೇ ಸೇರಿದವರೂ ಈ ಬಾಗಿಲನ್ನು ದಾಟಲೇಬೇಕು. ಅಲ್ಲಿ ಕೂತವನು ಗಣಿತ ಬಿಟ್ಟರೆ ಹೊರಗೆ, ಇಲ್ಲಿ ಕೂತವನು ಗಣಿತ ಹಿಡಿದರೆ ಒಳಗೆ. ಇಷ್ಟು ತಿಳಿದ ಮೇಲೆ, ಒಂದು ವರ್ಷ ಸುಮ್ಮನೆ ಕಳೆಯಲು ಹೇಳುವುದು ಅಸಲನ್ನೇ ಕರಗಿಸಿದ ಹಾಗೆ.

ವಿಚಾರಿಸಿಕೊಳ್ಳಬೇಕಾದ ಸಂಗತಿಗಳೂ ಇವೆ. ವಿದ್ಯಾರ್ಥಿಗಳ ಸಂಖ್ಯೆ ಇಳಿಯುತ್ತಿದೆಯೆಂದು, 2027ರ ವಸಂತದ ಸೆಮಿಸ್ಟರ್ ಮುಗಿದ ಮೇಲೆ ಏಳು ಚಿಕ್ಕ ಕ್ಯಾಂಪಸ್ಸುಗಳನ್ನು ಮುಚ್ಚಲು ಪೆನ್ ಸ್ಟೇಟ್‌ನ ಆಡಳಿತ ಮಂಡಳಿ 2025ರ ಮೇ ತಿಂಗಳಲ್ಲಿ ತೀರ್ಮಾನಿಸಿದೆ. ನಾವು ಸೇರುವ ಶಾಖೆ ನಾಳೆ ಇರುತ್ತದೆಯೇ ಎಂದು ಮೊದಲೇ ಕೇಳಬೇಕು. ಇನ್ನು ಈರಿ ನಗರದ ಬೆಹ್ರೆಂಡ್ ಕ್ಯಾಂಪಸ್ಸಿನಂಥ ಕಡೆ ಕೆಲವು ಎಂಜಿನಿಯರಿಂಗ್ ಪದವಿಗಳನ್ನು ನಾಲ್ಕೂ ವರ್ಷ ಅಲ್ಲೇ ಓದಿ ಮುಗಿಸಬಹುದು. ಅದನ್ನೂ ತಿಳಿದುಕೊಳ್ಳಬೇಕು.

ನಮ್ಮ ಕರ್ನಾಟಕದಲ್ಲೂ ಇಂಥ ದಾರಿ ಇದೆ. ಎಸ್ಸೆಸ್ಸೆಲ್ಸಿ ಮುಗಿಸಿ ಪಾಲಿಟೆಕ್ನಿಕ್‌ನಲ್ಲಿ ಮೂರು ವರ್ಷ ಡಿಪ್ಲೊಮಾ ಓದಿದವರು, ಕರ್ನಾಟಕ ಪರೀಕ್ಷಾ ಪ್ರಾಧಿಕಾರ ನಡೆಸುವ ಡಿಸಿಇಟಿ ಬರೆದು ನೇರವಾಗಿ ಬಿಇ ಎರಡನೇ ವರ್ಷಕ್ಕೆ ಸೇರಬಹುದು. ಅವರ ಕೈ ಯಂತ್ರದಲ್ಲಿ ಪಳಗಿರುತ್ತದೆ. ಬಿಇ ಮೊದಲ ವರ್ಷದ ಗಣಿತವನ್ನು ಮಾತ್ರ ಹಟ ಹಿಡಿದು ತುಂಬಿಕೊಳ್ಳಬೇಕು. ‘ಡಿಪ್ಲೊಮಾ ತಾನೇ’ ಎಂದು ಮೂಗು ಮುರಿಯುವ ಹಿರಿಯರು ಇದನ್ನು ನೆನಪಿಡಲಿ.

ನಮ್ಮ ಸರ್ ಎಂ. ವಿಶ್ವೇಶ್ವರಯ್ಯನವರೂ ಒಂದೇ ಕಾಲೇಜಿನಲ್ಲಿ ಎಂಜಿನಿಯರ್ ಆದವರಲ್ಲ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿ 1881ರಲ್ಲಿ ಬಿಎ ಮುಗಿಸಿದರು. ಆಮೇಲೆ ಮೈಸೂರು ಸರ್ಕಾರದ ವಿದ್ಯಾರ್ಥಿವೇತನದಿಂದ ಪುಣೆಗೆ ಹೋಗಿ ಎಂಜಿನಿಯರಿಂಗ್ ಕಲಿತರು. ಕನ್ನಂಬಾಡಿ ಕಟ್ಟೆಯ ಮೇಲೆ ನಿಂತವರು ‘ಇವರು ಮೊದಲು ಎಲ್ಲಿ ಸೇರಿದ್ದರು’ ಎಂದು ಕೇಳುವುದಿಲ್ಲ.

ಅಜ್ಜ ಅಜ್ಜಿಯರೇ, ಮೊಮ್ಮಕ್ಕಳು ಫೋನಿಗೆ ಸಿಕ್ಕಾಗ ‘ಯಾಕೆ ಅಲ್ಲಿ ಸಿಗಲಿಲ್ಲ’ ಎಂದು ಕೇಳಬೇಡಿ. ‘ನಿನಗೆ ಬೇಕಾದ ವಿಭಾಗ ಯಾವುದಪ್ಪಾ? ಅದಕ್ಕೆ ಯಾವ ಪಾಠ, ಎಷ್ಟು ಗ್ರೇಡ್ ಬೇಕು? ಈ ಸಲ ಗಣಿತ ಹೇಗೆ ನಡೀತಿದೆ?’ ಎಂದು ಕೇಳಿ. ಮಕ್ಕಳು ಉತ್ಸಾಹದಿಂದ ಉತ್ತರ ಕೊಡುತ್ತಾರೆ.

ಮಕ್ಕಳೇ, ನಿಮಗೂ ಒಂದು ಕೆಲಸ. ನಿಮ್ಮ ಮನೆಯ ಹಿರಿಯರು ಮೊದಲು ಎಲ್ಲಿ ಓದಿದರು, ಆಮೇಲೆ ಎಲ್ಲಿಗೆ ಹೋದರು, ಹೇಗೆ ಹೋದರು ಎಂದು ಕೇಳಿ ನೋಟ್‌ಬುಕ್ಕಿನಲ್ಲಿ ಬರೆಯಿರಿ. ನೇರ ರಸ್ತೆಯಲ್ಲಿ ಬಂದವರು ಎಷ್ಟು ಮಂದಿ, ಸುತ್ತು ಹಾಕಿ ಬಂದವರು ಎಷ್ಟು ಮಂದಿ, ಎಣಿಸಿ ನೋಡಿ.