ಗಾಡಿಗಿಂತ ಮೊದಲು ಅರ್ಥಿಂಗ್ ನೋಡ್ಕೊಳ್ಳಿ

ನಮ್ಮ ಗಾವಡಗೆರೆ ಸುತ್ತಮುತ್ತ ಈಗ ಬೀದಿಗೊಂದು ಕರೆಂಟ್ ಸ್ಕೂಟರ್ ಕಾಣ್ತಿದೆ. ನಾನೂ ತಗೊಂಡು ಎಂಟು ತಿಂಗಳಾಯ್ತು. ಗಾಡಿ ಬಗ್ಗೆ ನನ್ನ ತಕರಾರಿಲ್ಲ. ನಾವು ಚಾರ್ಜಿಗೆ ಹಾಕೋ ರೀತಿ ಬಗ್ಗೆ ಇದೆ.

ಮೊದಲ ತಿಂಗಳು ನಾನೂ ಎಲ್ಲರ ಥರಾನೇ ಅಡುಗೆಮನೆ ಪ್ಲಗ್ಗಿಂದ ಎಕ್ಸ್‌ಟೆನ್ಷನ್ ವೈರ್ ಎಳೆದು, ಕೊಟ್ಟಿಗೆ ಪಕ್ಕ ಗಾಡಿ ನಿಲ್ಲಿಸಿ ರಾತ್ರಿ ಹಾಕಿ ಮಲಗ್ತಿದ್ದೆ. ಒಂದಿನ ಹಾಲು ಕರೆಯೋಕೆ ಎದ್ದ ನಮ್ಮನೆಯವಳು ಸುಟ್ಟ ವಾಸನೆ ಅಂದ್ಳು. ಹೋಗಿ ನೋಡಿದ್ರೆ ಬಾಕ್ಸ್ ಕರಗಿ ಪಿನ್ನಿಗೆ ಅಂಟ್ಕೊಂಡಿತ್ತು. ಅಲ್ಲಿಂದ ಹತ್ತು ಹೆಜ್ಜೆಗೆ ಹರಾಜಿಗೆ ಹೋಗಬೇಕಿದ್ದ ಹೊಗೆಸೊಪ್ಪಿನ ಬೇಲ್‌ಗಳು. ವರ್ಷದ ದುಡಿಮೆ ಪೂರ್ತಿ ಅಲ್ಲೇ ಇತ್ತು.

ಸ್ಕೂಟರ್ ಚಾರ್ಜರ್ ಎಳೆಯೋದು ಹೆಚ್ಚುಕಮ್ಮಿ ಒಂದು ಇಸ್ತ್ರಿ ಪೆಟ್ಟಿಗೆಯಷ್ಟೇ, ಸಾವಿರ ವ್ಯಾಟ್ ಒಳಗೆ. ಆದ್ರೆ ಇಸ್ತ್ರಿ ಹತ್ತು ನಿಮಿಷ, ಇದು ನಾಲ್ಕೈದು ಗಂಟೆ ಬಿಡದೆ. ಸಣ್ಣ ವೈರು, ಸಡಿಲ ಪಿನ್ನು ಎಲ್ಲಿ ತಡ್ಕೊಳ್ತವೆ?

ಆಮೇಲೆ ಮೀಟರ್ ಬೋರ್ಡಿಂದಲೇ ಬೇರೆ ಲೈನ್ ಎಳೆಸಿದೆ. 2.5 ಚದರ ಮಿ.ಮೀ. ತಾಮ್ರದ ವೈರು, 16 ಆಂಪ್ಸ್ ಸಾಕೆಟ್ಟು, ಅದಕ್ಕೇ ಒಂದು ಎಂಸಿಬಿ, ಜೊತೆಗೆ 30 ಮಿಲಿಆಂಪ್ಸ್ ಆರ್‌ಸಿಸಿಬಿ. ಕೆಲಸಕ್ಕೆ ಬಂದ ಹುಡುಗ ಅರ್ಥಿಂಗ್ ಪರೀಕ್ಷೆ ಮಾಡಿದ್ರೆ ಏನೂ ಇಲ್ಲ! ತಂತಿ ಮಣ್ಣಲ್ಲಿ ತುಕ್ಕು ಹಿಡಿದು ತುಂಡಾಗಿ ಎಷ್ಟು ವರ್ಷ ಆಗಿತ್ತೋ. ಹೊಸ ಗುಂಡಿ ತೆಗೆದು ಪೈಪ್ ಇಳಿಸಿ, ಇದ್ದಿಲು ಉಪ್ಪು ತುಂಬಿಸಿದೆ. ಬೇಸಿಗೇಲಿ ಅದಕ್ಕೆ ನೀರು ಹಾಕ್ತಿರಬೇಕು. ಕೊಟ್ಟಿಗೆ ನೆಲ ಯಾವಾಗ್ಲೂ ಒದ್ದೆ, ನಾವು ಜುಮ್ ಅಂತ ಕೈ ತೆಗೆಯೋ ಶಾಕ್ ದನದ ಪ್ರಾಣಾನೇ ತೆಗೆಯುತ್ತೆ. ಗಾಡಿಯನ್ನೂ ಈಗ ಕೊಟ್ಟಿಗೆ, ಬ್ಯಾರನ್ ಎರಡರಿಂದಲೂ ದೂರ ನಿಲ್ಲಿಸ್ತೀನಿ.

ಇನ್ನು ಕೆಲವರು, 'ಪಂಪ್‌ಸೆಟ್ ಲೈನಿಗೆ ಸಿಕ್ಕಿಸು, ಫ್ರೀ' ಅಂತಾರೆ. ಇದು ನಂಗೆ ಸುತರಾಂ ಒಪ್ಪಿಗೆ ಇಲ್ಲ. 10 ಎಚ್‌ಪಿವರೆಗೆ ಸರ್ಕಾರ ಪುಕ್ಕಟೆ ಕೊಡ್ತಿರೋದು ಬೆಳೆಗೆ ನೀರು ಹಾಯ್ಸೋಕೆ. ಹತ್ತು ಸ್ಕೂಟರ್ ಒಟ್ಟಿಗೆ ಹಾಕಿದ್ರೆ ಹೆಚ್ಚುಕಮ್ಮಿ 10 ಎಚ್‌ಪಿ ಮೋಟರಿನಷ್ಟೇ ಭಾರ. ಸಿಂಗಲ್ ಫೇಸ್ ಹೊತ್ತಲ್ಲಿ ಕಂಡೆನ್ಸರ್ ಇಟ್ಟು ಮೋಟರ್ ಓಡಿಸೋರು ಬೇರೆ ಇದಾರೆ. ಟಿಸಿ ಸುಟ್ಟರೆ ಒಣಗೋದು ಪಕ್ಕದವನ ಶುಂಠಿ.

ಬಿಲ್ಲಿಗೆ ಹೆದರಬೇಡಿ. ಒಂದು ಫುಲ್ ಚಾರ್ಜಿಗೆ ಸುಮಾರು 3.5 ಯೂನಿಟ್, ತಿಂಗಳಿಗೆ 15 ಸಲ ಅಂದ್ರೆ 50ರ ಆಸುಪಾಸು. ಗೃಹಜ್ಯೋತೀಲಿ ನಿಮ್ಮ ಹಳೆ ಸರಾಸರಿ 60 ಇದ್ರೆ 66ರವರೆಗೆ ಮಾಫಿ, ಮಿಕ್ಕ 44ಕ್ಕೆ ದುಡ್ಡು ಕಟ್ಟಬೇಕು. ಯೂನಿಟ್ಟಿಗೆ 6 ರೂಪಾಯಿ ಹಿಡಿದ್ರೂ 264. ಅಷ್ಟು ಓಡಾಟಕ್ಕೆ ಪೆಟ್ರೋಲಿಗೆ ಎರಡು ಸಾವಿರದ ಮೇಲೆ ಹೋಗ್ತಿತ್ತು. ಮನೆ ಖರ್ಚೆಲ್ಲ ಸೇರಿ 200 ದಾಟಬಾರದು ಅಷ್ಟೇ, ದಾಟಿದ್ರೆ ಪೂರ್ತಿ ಬಿಲ್ ನಮ್ಮ ಮೇಲೇ.

ಕಾರ್ ತಗೊಳೋರ ಕಥೆ ಬೇರೆ. 7.2 ಕಿಲೋವ್ಯಾಟ್ ಚಾರ್ಜರಿಗೆ 32 ಆಂಪ್ಸ್ ಬೇಕು. ಗೋಡೆಗೆ ಮೊಳೆ ಹೊಡೆಯೋ ಮುಂಚೆ ಚೆಸ್ಕಾಂ ಆಫೀಸಿಗೆ ಹೋಗಿ ಮನೆ ಲೋಡ್ ಜಾಸ್ತಿ ಮಾಡಿಸ್ಕೊಂಡು ಬನ್ನಿ.