ಚಿತ್ರದೊಳಗಿನ ಮಗು

ಮಗುವಿನ ಚಿತ್ರವನ್ನು ಕಂಡೊಡನೆ ನಮ್ಮ ಮನಸ್ಸು ಅರಳುತ್ತದೆ. ಆದರೆ ಅಲ್ಲಿ ನಿಜವಾಗಿ ಕಾಣುತ್ತಿರುವುದು ಮಗುವೋ, ಮಗುವಿನ ನೆಪದಲ್ಲಿ ಮೆರೆಯುವ ಹಿರಿಯರೋ ಎಂದು ನಾವು ವಿಚಾರ ಮಾಡುವುದು ಅಪರೂಪ.

ಮಾಸ್ತಿಗೆ ಅನತಿದೂರದಲ್ಲಿರುವ ಬೂದಿಕೋಟೆಯು ಹೈದರಾಲಿಯ ಜನ್ಮಸ್ಥಳ. ಅವನ ಮಗನಾದ ಟಿಪ್ಪು ಸುಲ್ತಾನನು 1792ರ ಶ್ರೀರಂಗಪಟ್ಟಣದ ಒಪ್ಪಂದದಂತೆ ಅರ್ಧ ರಾಜ್ಯವನ್ನು ಬಿಟ್ಟುಕೊಟ್ಟು, 3 ಕೋಟಿ 30 ಲಕ್ಷ ರೂಪಾಯಿಗಳನ್ನು ತೆರಬೇಕಾಯಿತು. ಹಣ ಸಲ್ಲುವವರೆಗೆ ಅಬ್ದುಲ್ ಖಾಲಿಕ್ ಮತ್ತು ಮುಯಿಜುದ್ದೀನ್ ಎಂಬ ತನ್ನ ಇಬ್ಬರು ಮಕ್ಕಳನ್ನು ಒತ್ತೆಯಾಗಿ ಒಪ್ಪಿಸಿದನು. ಹಿರಿಯವನಿಗೇ ಆಗ ಸುಮಾರು 10 ವರ್ಷ.

ಇಂಗ್ಲಿಷ್ ಸೇನೆಯೊಡನೆ ಇದ್ದ ರಾಬರ್ಟ್ ಹೋಮ್ ಎಂಬ ಕಲಾವಿದನು ಈ ಪ್ರಸಂಗವನ್ನು ವರ್ಣಚಿತ್ರವಾಗಿ ಬರೆದನು. ಅದರಲ್ಲಿ ಕಾರ್ನ್‌ವಾಲಿಸನು ಬಾಲಕರ ಕೈಹಿಡಿದು ಬರಮಾಡಿಕೊಳ್ಳುತ್ತಾನೆ. ನೋಡುವವರು ಅವನನ್ನು ಕರುಣಾಳುವೆಂದು ತಿಳಿಯಬೇಕು. ಭಾರತವನ್ನೇ ಕಾಣದ ಮೇದರ್ ಬ್ರೌನನೂ ಲಂಡನ್ನಿನಲ್ಲಿ ಕುಳಿತು ಇದೇ ಪ್ರಸಂಗವನ್ನು ಚಿತ್ರಿಸಿದನು. ಇವರ ಕೈಚಳಕದಲ್ಲಿ ಕೊರತೆಯಿಲ್ಲ. ಆದರೆ ಮನೆಯನ್ನು ಅಗಲಿ ಮದರಾಸಿಗೆ ಹೋದ, 1794ರವರೆಗೆ ಮರಳದ ಮಕ್ಕಳ ಅಳಲು ಅಲ್ಲಿಲ್ಲ. ಅವರು ಗೆದ್ದವನ ಕೀರ್ತಿಗೆ ಒಡವೆಗಳಾಗಿದ್ದಾರೆ.

ಮಗುವನ್ನು ಬೇರೆ ಬಗೆಯಲ್ಲಿ ಕಂಡವರಿಲ್ಲವೇ? ಇದಕ್ಕೆ ಒಂದೂವರೆ ಶತಮಾನ ಹಿಂದೆ ಹಾಲೆಂಡಿನಲ್ಲಿ ರೆಂಬ್ರಾಂಟನಿದ್ದನು. ಅಲ್ಲಿಯೂ ಸಿರಿವಂತ ವರ್ತಕರು ಮಕ್ಕಳಿಗೆ ಬೆಲೆಬಾಳುವ ಉಡುಪು ತೊಡಿಸಿ ಭಾವಚಿತ್ರ ಬರೆಯಿಸುತ್ತಿದ್ದರು. ಆದರೆ ರೆಂಬ್ರಾಂಟನು 1635ರ ಸುಮಾರಿನಲ್ಲಿ ಕೆಂಪು ಬಳಪದಿಂದ ಎಳೆದ ಕೆಲವೇ ಗೆರೆಗಳಲ್ಲಿ, ನಡೆಯಲು ಕಲಿಯುವ ಮಗುವೊಂದಿದೆ. ಒಂದು ಕಡೆ ಮುದುಕಿ, ಇನ್ನೊಂದು ಕಡೆ ಯುವತಿ. ಬಿದ್ದರೆ ಪೆಟ್ಟಾಗದಂತೆ ತಲೆಗೆ ಮೆತ್ತನೆಯ ಟೊಪ್ಪಿಗೆ. ಹಿರಿಯರು ಮಗುವಿನತ್ತ ಬಾಗಿದ್ದಾರೆ. ಮಗುವು ಅವರಿಗಾಗಿ ನಿಂತಿಲ್ಲ. ಈ ಕಲಾವಿದನ ಮಕ್ಕಳಲ್ಲಿ ಮೂವರು ಹಸುಳೆಗಳಾಗಿರುವಾಗಲೇ ತೀರಿಕೊಂಡರು.

ಮಕ್ಕಳನ್ನು ಸಿಂಗರಿಸುವುದೂ ಪ್ರೀತಿಯೇ ಎಂದು ಕೆಲವರು ಹೇಳಬಹುದು. ನಿಜ. ಗೋಕುಲಾಷ್ಟಮಿಯಂದು ನಾವೂ ಮಗುವಿಗೆ ನವಿಲುಗರಿ ಮುಡಿಸಿ, ಕೈಗೆ ಕೊಳಲಿತ್ತು ಚಿತ್ರ ತೆಗೆಯುತ್ತೇವೆ. ಅದು ತಪ್ಪಲ್ಲ. ಆದರೆ ಕಿರೀಟ ಒತ್ತಿ ಮಗು ಅಳುತ್ತಿರುವಾಗಲೂ 'ನಗು, ನಗು' ಎಂದು ಬಲಾತ್ಕರಿಸಿದರೆ, ಆ ಚಿತ್ರವು ಯಾರ ಸಂತೋಷಕ್ಕೆ? ಮಗುವಿನ ಅಳುವನ್ನು ಮೊದಲು ಸಂತೈಸೋಣ; ಚಿತ್ರ ಆಮೇಲೆ ಆಗಲಿ.