ಮನೆಯಲ್ಲಿ ಅಂಡೋತ್ಸರ್ಗ ಪರೀಕ್ಷೆ: ಪಟ್ಟಿ ಹೇಳುವುದೆಷ್ಟು?



ಈ ತಿಂಗಳು ಬಂದ ಪತ್ರಗಳಲ್ಲಿ ಒಂದನ್ನು ನಾನು ಎರಡು ಸಲ ಓದಿದೆ. ಬರೆದವರು ಉತ್ತರ ಕರ್ನಾಟಕದ ಕೂಡು ಕುಟುಂಬವೊಂದರ ಸೊಸೆ. ವಯಸ್ಸು 29, ಲಗ್ನವಾಗಿ ನಾಲ್ಕು ವರ್ಷ. ಪತಿಗೆ ನೆರೆಯ ಜಿಲ್ಲೆಯಲ್ಲಿ ಉದ್ಯೋಗ; ಶನಿವಾರ ಸಂಜೆ ಮನೆಗೆ ಬಂದು ಸೋಮವಾರ ನಸುಕಿನಲ್ಲಿ ಮರಳುತ್ತಾರೆ. ಕಳೆದ ಒಂದು ವರ್ಷದಿಂದ ಈ ಸೋದರಿ ಔಷಧಿ ಅಂಗಡಿಯಿಂದ ಅಂಡೋತ್ಸರ್ಗ ಪರೀಕ್ಷೆಯ ಪಟ್ಟಿಗಳನ್ನು ತರಿಸಿ, ಮುಟ್ಟಾದ 12ನೆಯ ದಿನದಿಂದ 16ನೆಯ ದಿನದವರೆಗೆ, ಯಾರಿಗೂ ಕಾಣದಂತೆ ಬಚ್ಚಲುಮನೆಯಲ್ಲಿ ಪರೀಕ್ಷಿಸಿಕೊಳ್ಳುತ್ತಿದ್ದಾರೆ. "ಪ್ರತಿ ತಿಂಗಳೂ ಎರಡು ಗೆರೆ ಮೂಡುತ್ತವೆ, ಆದರೂ ಫಲವಿಲ್ಲ. ಲಗ್ನ, ಕುಬಸಗಳಿಗೆ ಹೋದರೆ 'ಏನಾದ್ರೂ ವಿಶೇಷ ಐತೇನವಾ?' ಎಂದು ಕೇಳುತ್ತಾರೆ. ಈಗ ಹೋಗುವುದನ್ನೇ ಬಿಟ್ಟಿದ್ದೇನೆ. ಅಕ್ಕನವರೆ, ದೋಷವು ಪಟ್ಟಿಯಲ್ಲಿದೆಯೋ, ನನ್ನಲ್ಲಿದೆಯೋ?" ಎಂಬುದು ಅವರ ಪ್ರಶ್ನೆ.

ಈ ಪ್ರಶ್ನೆಯಲ್ಲಿ ಒಬ್ಬರ ಹೆಸರು ಬಿಟ್ಟುಹೋಗಿದೆ. ಅದನ್ನು ಆಮೇಲೆ ನೋಡೋಣ. ಮೊದಲು ಪಟ್ಟಿಯ ವಿಚಾರ.

ಸ್ತ್ರೀಯ ಅಂಡಾಶಯದಲ್ಲಿ ಒಂದು ಅಂಡಾಣು ಪಕ್ವವಾದಾಗ, ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯು ಲ್ಯೂಟಿನೈಸಿಂಗ್ ಹಾರ್ಮೋನು ಎಂಬ ರಸವನ್ನು ಒಮ್ಮೆಲೇ ಹೆಚ್ಚಾಗಿ ಸ್ರವಿಸುತ್ತದೆ. ಇದನ್ನು ಚಿಕ್ಕದಾಗಿ ಎಲ್.ಎಚ್. ಎನ್ನುತ್ತಾರೆ. ರಕ್ತದಲ್ಲಿ ಈ ಏರಿಕೆ ಆರಂಭವಾದ ಸುಮಾರು ಒಂದೂವರೆ ದಿನಕ್ಕೆ ಅಂಡಾಣು ಹೊರಬೀಳುತ್ತದೆ, ಇದೇ ಅಂಡೋತ್ಸರ್ಗ. ರಕ್ತದಲ್ಲಿ ಏರಿದ ಎಲ್.ಎಚ್. ಕೆಲವು ಗಂಟೆಗಳ ತರುವಾಯ ಮೂತ್ರದಲ್ಲಿಯೂ ಕಾಣಿಸಿಕೊಳ್ಳುತ್ತದೆ. ಪಟ್ಟಿಯು ಅಳೆಯುವುದು ಇದನ್ನು ಮಾತ್ರ. ಗೆರೆ ಸರಿಯಾಗಿ ಬಂದರೆ, ಇನ್ನೊಂದು ದಿನ ಅಥವಾ ಒಂದೂವರೆ ದಿನದೊಳಗೆ ಅಂಡಾಣು ಬಿಡುಗಡೆಯಾಗುವ ಸಂಭವವುಂಟು ಎಂದರ್ಥ. ಬಿಡುಗಡೆಯಾಯಿತೆಂದು ಅದು ಹೇಳಲಾರದು. ಗರ್ಭನಾಳಗಳು ತೆರೆದಿವೆಯೆಂದೂ ಹೇಳಲಾರದು.

ಇಲ್ಲಿ ಬಹಳ ಮಂದಿ ತಪ್ಪುವುದು ಗೆರೆ ಓದುವುದರಲ್ಲಿ. ಗರ್ಭಧಾರಣೆಯ ಪರೀಕ್ಷೆಯಲ್ಲಿ ಎರಡನೆಯ ಗೆರೆ ಎಷ್ಟೇ ಮಸುಕಾಗಿದ್ದರೂ ಅದು ಸಾಮಾನ್ಯವಾಗಿ ಹೌದೆಂಬ ಉತ್ತರ. ಅಂಡೋತ್ಸರ್ಗದ ಪಟ್ಟಿಯಲ್ಲಿ ಹಾಗಲ್ಲ. ಎಲ್.ಎಚ್. ಅಲ್ಪ ಪ್ರಮಾಣದಲ್ಲಿ ತಿಂಗಳಿಡೀ ದೇಹದಲ್ಲಿರುವುದರಿಂದ ಮಸುಕು ಗೆರೆ ಯಾವ ದಿನವಾದರೂ ಮೂಡಬಹುದು. ಪರೀಕ್ಷೆಯ ಗೆರೆಯು ಪಕ್ಕದ ನಿಯಂತ್ರಣ ಗೆರೆಯಷ್ಟೇ ಗಾಢವಾಗಿ, ಇಲ್ಲವೆ ಅದಕ್ಕಿಂತ ಗಾಢವಾಗಿ ಬಂದರೆ ಮಾತ್ರ ಹೌದು. ಪತ್ರ ಬರೆದ ಸೋದರಿ "ಎರಡನೆಯದು ಸ್ವಲ್ಪ ತೆಳುವಾಗಿರುತ್ತದೆ" ಎಂದು ಕೊನೆಯ ಪುಟದಲ್ಲಿ, ಮರೆತದ್ದನ್ನು ಸೇರಿಸುವಂತೆ ಬರೆದಿದ್ದಾರೆ. ಅಲ್ಲಿಗೆ, ಅವರು ಹೌದೆಂದುಕೊಂಡಿದ್ದ ಅಷ್ಟೂ ತಿಂಗಳ ಉತ್ತರಗಳು ಇಲ್ಲವೆಂಬುವೇ ಆಗಿದ್ದವು.

ಇನ್ನು ದಿನದ ಲೆಕ್ಕ. ಅವರ ಋತುಚಕ್ರ 35ರಿಂದ 42 ದಿನಗಳದ್ದು. ಆದರೂ ಅವರು ಹಿಡಿದದ್ದು 14ನೆಯ ದಿನವನ್ನು, ಏಕೆಂದರೆ ಎಲ್ಲರೂ ಹೇಳುವುದು ಅದನ್ನೇ. 1920ರ ದಶಕದಲ್ಲಿ ಜಪಾನಿನ ಒಗಿನೊ ಮತ್ತು ಆಸ್ಟ್ರಿಯಾದ ಕ್ನಾವುಸ್ ಎಂಬ ವೈದ್ಯರು ಬೇರೆಬೇರೆಯಾಗಿ ಕಂಡುಕೊಂಡ ಸತ್ಯವೆಂದರೆ, ಅಂಡೋತ್ಸರ್ಗವನ್ನು ಎಣಿಸಬೇಕಾದುದು ಹಿಂದಿನ ಮುಟ್ಟಿನಿಂದಲ್ಲ, ಮುಂದಿನ ಮುಟ್ಟಿನಿಂದ ಹಿಂದಕ್ಕೆ. ಮುಂದಿನ ಮುಟ್ಟಿಗೆ ಸುಮಾರು ಎರಡು ವಾರ ಮೊದಲು ಅಂಡಾಣು ಬಿಡುಗಡೆಯಾಗುತ್ತದೆ. 28 ದಿನಗಳ ಚಕ್ರದವರಿಗೆ ಅದು 14ನೆಯ ದಿನದ ಸುಮಾರಿಗೆ ಬರುತ್ತದೆ. 35 ದಿನಗಳವರಿಗೆ 21ನೆಯ ದಿನದ ಸುಮಾರಿಗೆ. ಆದುದರಿಂದ ಕಳೆದ ಆರು ತಿಂಗಳ ಚಕ್ರಗಳಲ್ಲಿ ಅತಿ ಚಿಕ್ಕದನ್ನು ಆರಿಸಿ, ಅದರಿಂದ 17ನ್ನು ಕಳೆದರೆ ಪರೀಕ್ಷೆ ಆರಂಭಿಸಬೇಕಾದ ದಿನ ದೊರೆಯುತ್ತದೆ. 28ರವರಿಗೆ 11ನೆಯ ದಿನ, ನಮ್ಮ ಸೋದರಿಗೆ 18ನೆಯ ದಿನ. ಅವರು ಪ್ರತಿ ತಿಂಗಳೂ ಐದು ಪಟ್ಟಿಗಳನ್ನು ಮುಗಿಸಿ ಡಬ್ಬಿ ಎಸೆದ ಮೇಲೆ ಅವರ ಸಮಯ ಆರಂಭವಾಗುತ್ತಿತ್ತು.

ಈ ಲೆಕ್ಕಕ್ಕೆ ಮುಟ್ಟಿನ ದಿನಾಂಕ ಬರೆದಿಡುವುದು ಅವಶ್ಯಕ. ಗೋಡೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕವುಂಟು, ಗ್ಯಾಸಿನ ಲೆಕ್ಕವುಂಟು. ಈ ಒಂದು ಚುಕ್ಕೆಗೆ ಮಾತ್ರ ಸ್ಥಳವಿಲ್ಲ. ರಜಸ್ಸೂತಕವನ್ನು ಶರಣರು ಹನ್ನೆರಡನೆಯ ಶತಮಾನದಲ್ಲಿಯೇ ತಳ್ಳಿಹಾಕಿದರೆಂದು ವೇದಿಕೆಗಳಲ್ಲಿ ಹೇಳುವ ನಾವು, ಸೊಸೆ ಆ ದಿನಾಂಕವನ್ನು ಬರೆದರೆ ಮುಖ ಸಿಂಡರಿಸುವುದು ನನಗೆ ಅರ್ಥವಾಗದ ಸಂಗತಿ.

ಪರೀಕ್ಷಿಸುವ ವಿಧಾನ ಡಬ್ಬಿಯೊಳಗಿನ ಕಾಗದದಲ್ಲಿ ಇರುತ್ತದೆ; ಅದನ್ನು ಓದಿಯೇ ಮುಂದುವರಿಯಬೇಕು, ಏಕೆಂದರೆ ತಯಾರಕರಿಂದ ತಯಾರಕರಿಗೆ ವ್ಯತ್ಯಾಸವಿದೆ. ಎಲ್.ಎಚ್. ಏರಿಕೆಯು ಅನೇಕ ಸ್ತ್ರೀಯರಲ್ಲಿ ಬೆಳಗಿನ ಜಾವ ಆರಂಭವಾಗುವುದರಿಂದ, ಎದ್ದ ಕೂಡಲೆ ಮಾಡುವ ಮೂತ್ರಕ್ಕಿಂತ ಹೊತ್ತೇರಿದ ಮೇಲಿನ ಮೂತ್ರವನ್ನು ಹಲವು ತಯಾರಕರು ಸೂಚಿಸುತ್ತಾರೆ. ದಿನವೂ ಹೆಚ್ಚುಕಡಿಮೆ ಒಂದೇ ವೇಳೆಯಿರಲಿ. ಅದಕ್ಕೆ ಮುನ್ನ ಎರಡು ತಾಸು ನೀರು, ಮಜ್ಜಿಗೆ, ಚಹಾ ಮಿತವಾಗಿರಲಿ. ಹೇಳಿದ ನಿಮಿಷಕ್ಕೆ ಗೆರೆ ನೋಡಿ ಮುಗಿಸಬೇಕು. ಒಂದು ತಾಸು ಬಿಟ್ಟು ನೋಡಿದ ಗೆರೆಗೆ ಬೆಲೆಯಿಲ್ಲ.

ಗೆರೆ ಗಾಢವಾಯಿತು. ಆಗ ಪತಿಗೆ ಫೋನು ಮಾಡಬೇಕು, ಅವರು ಶನಿವಾರಕ್ಕೆ ಕಾಯಬಾರದು. ಅಂಡಾಣುವಿನ ಆಯುಷ್ಯ 12ರಿಂದ 24 ತಾಸು ಮಾತ್ರ. ಬುಧವಾರ ಬಿಡುಗಡೆಯಾದ ಅಂಡಾಣು ಶನಿವಾರಕ್ಕೆ ಉಳಿದಿರುವುದಿಲ್ಲ. ಆದರೆ ವೀರ್ಯಾಣುಗಳು ಅನುಕೂಲ ಸಂದರ್ಭದಲ್ಲಿ ಸ್ತ್ರೀಯ ದೇಹದೊಳಗೆ ಐದು ದಿನಗಳವರೆಗೂ ಬದುಕಿರಬಲ್ಲವು. 1995ರಲ್ಲಿ ಅಮೆರಿಕದ ವಿಜ್ಞಾನಿ ವಿಲ್ಕಾಕ್ಸ್ ಮತ್ತು ಸಂಗಡಿಗರು 221 ಮಂದಿ ಸ್ತ್ರೀಯರ ಅಧ್ಯಯನವನ್ನು ಪ್ರಕಟಿಸಿದರು. ಅಂಡೋತ್ಸರ್ಗದ ದಿನ ಹಾಗೂ ಅದರ ಹಿಂದಿನ ಐದು ದಿನ, ಒಟ್ಟು ಆರು ದಿನಗಳ ಸಮಾಗಮದಿಂದ ಮಾತ್ರ ಗರ್ಭ ನಿಂತಿತ್ತು. ಮರುದಿನದಿಂದ ಒಂದೂ ಇಲ್ಲ. ಆದುದರಿಂದ ಪಟ್ಟಿ ಗಾಢವಾಗುವುದನ್ನೇ ಕಾದು ಕುಳಿತರೆ ಆರರಲ್ಲಿ ನಾಲ್ಕು ದಿನ ವ್ಯರ್ಥವಾದಂತೆ. ಆ ವಾರದಲ್ಲಿ ದಿನ ಬಿಟ್ಟು ದಿನ ದಂಪತಿಗಳು ಕೂಡಿದರೆ ಸಾಕು. ಈ ಸೋದರಿಯ ಪತಿ 18ನೆಯ ದಿನದ ನಂತರ ಒಂದು ವಾರ ರಜೆ ಹಾಕಿ ಊರಿಗೆ ಬರಲಿ, ಇಲ್ಲವೆ ಪತ್ನಿಯನ್ನು ತಾವಿರುವಲ್ಲಿಗೆ ಕರೆಸಿಕೊಳ್ಳಲಿ. ಇದಕ್ಕೆ ಹಿರಿಯರು ಅಡ್ಡಿಯಾಗಬಾರದು.

ಗಂಡು ಸಂತಾನಕ್ಕೆ ಯಾವ ದಿನ ಕೂಡಬೇಕೆಂದು ಕೇಳುವ ಪತ್ರಗಳೂ ಬರುತ್ತವೆ. ಅದೇ ಅಧ್ಯಯನವು ದಿನಕ್ಕೂ ಮಗುವಿನ ಲಿಂಗಕ್ಕೂ ಸಂಬಂಧ ಕಾಣಲಿಲ್ಲ. ಅಂಥ ಪತ್ರಗಳಿಗೆ ನನ್ನ ಉತ್ತರ ಇಷ್ಟೇ.

ಪಟ್ಟಿ ಕೊಳ್ಳಲು ಹಣವಿಲ್ಲದವರು ಚಿಂತಿಸಬೇಕಾಗಿಲ್ಲ. ಅಂಡೋತ್ಸರ್ಗ ಸಮೀಪಿಸಿದಂತೆ ಯೋನಿಸ್ರಾವವು ತಿಳಿಯಾಗಿ, ಜಾರುವಂತಾಗಿ, ಬೆರಳುಗಳ ನಡುವೆ ನೂಲಿನಂತೆ ಹಿಗ್ಗುತ್ತದೆ. ವೈದ್ಯಗ್ರಂಥಗಳು ಇದನ್ನು ಮೊಟ್ಟೆಯ ಲೋಳೆಗೆ ಹೋಲಿಸುತ್ತವೆ. ನಮ್ಮ ಅಡಿಗೆಮನೆಗಳಲ್ಲಿ ಆ ಹೋಲಿಕೆ ನಡೆಯದು. ಬೆಂಡೆಕಾಯಿ ಹೆಚ್ಚುವಾಗ ಎಳೆಯೆಳೆಯಾಗಿ ಬರುವ ಲೋಳೆಯನ್ನು ನೆನೆದರೆ ತಿಳಿಯುತ್ತದೆ. ಚಕ್ರ ಕ್ರಮವಾಗಿದ್ದು ದಂಪತಿಗಳು ಒಟ್ಟಿಗೆ ವಾಸಿಸುತ್ತಿದ್ದರೆ, ವಾರಕ್ಕೆ ಎರಡು ಮೂರು ಸಲ ಕೂಡುವವರಿಗೆ ಪಟ್ಟಿ ಬೇಕೇ ಬೇಕೆಂದಿಲ್ಲ. ಪಟ್ಟಿಯಿಂದ ಪ್ರಯೋಜನವಿಲ್ಲವೆಂದು ನಾನು ಹೇಳುತ್ತಿಲ್ಲ. ಹಲವು ಪ್ರಯೋಗಗಳನ್ನು ಒಟ್ಟುಗೂಡಿಸಿ 2023ರಲ್ಲಿ ಪ್ರಕಟವಾದ ಕಾಕ್ರೇನ್ ಸಮೀಕ್ಷೆಯು, 40 ವರ್ಷದೊಳಗಿನ, ಒಂದು ವರ್ಷಕ್ಕಿಂತ ಕಡಿಮೆ ಕಾಲದಿಂದ ಪ್ರಯತ್ನಿಸುತ್ತಿರುವ ಸ್ತ್ರೀಯರಲ್ಲಿ ಮೂತ್ರಪರೀಕ್ಷೆಯಿಂದ ಫಲದ ಸಂಭವ ಪ್ರಾಯಶಃ ಹೆಚ್ಚುತ್ತದೆಂದು ಕಂಡಿದೆ.

ಒಂದು ವರ್ಷ ಎಂಬ ಮಾತು ಇಲ್ಲಿ ಮುಖ್ಯ. ಒಂದು ವರ್ಷ ಪ್ರಯತ್ನಿಸಿಯೂ ಗರ್ಭ ನಿಲ್ಲದಿದ್ದರೆ, ಸ್ತ್ರೀಗೆ 35 ತುಂಬಿದ್ದರೆ ಆರೇ ತಿಂಗಳಿಗೆ, ತಜ್ಞರನ್ನು ಕಾಣಬೇಕು. ಚಕ್ರವು ಮೇಲಿಂದ ಮೇಲೆ 35 ದಿನ ಮೀರುತ್ತಿದ್ದರೆ ಅಷ್ಟೂ ಕಾಯಬಾರದು. ಪಾಲಿಸಿಸ್ಟಿಕ್ ಓವರಿ ಎಂಬ ತೊಂದರೆಯಲ್ಲಿ ಎಲ್.ಎಚ್. ಸದಾ ಏರಿಯೇ ಇರುವುದುಂಟು. ಅಂಥವರಿಗೆ ಅಂಡಾಣು ಬಿಡುಗಡೆಯಾಗದೆಯೇ ದಿನದಿನವೂ ಗಾಢ ಗೆರೆ ಬರಬಹುದು. ಅಂಡೋತ್ಪತ್ತಿಗೆಂದು ಕೊಡುವ ಕ್ಲೋಮಿಫೀನ್ ಮಾತ್ರೆ ನುಂಗುತ್ತಿರುವ ದಿನಗಳಲ್ಲಿ, ಎಚ್‌ಸಿಜಿ ಚುಚ್ಚುಮದ್ದಿನ ನಂತರ ಕೂಡ ಪಟ್ಟಿ ಮೋಸ ಮಾಡುತ್ತದೆ. ಅಂಡೋತ್ಸರ್ಗ ನಿಜವಾಗಿ ಆಯಿತೇ ಎಂಬುದನ್ನು ಅದಾದ ಸುಮಾರು ಏಳು ದಿನಕ್ಕೆ ಪ್ರೊಜೆಸ್ಟರಾನ್ ಎಂಬ ರಕ್ತಪರೀಕ್ಷೆಯಿಂದ ತಿಳಿಯಬಹುದು.

ಈಗ ಬಿಟ್ಟುಹೋದ ಹೆಸರಿಗೆ ಬರೋಣ. ನಾಲ್ಕು ವರ್ಷಗಳಲ್ಲಿ ಅತ್ತೆಯವರು ಸೊಸೆಯನ್ನು ಮೂವರು ವೈದ್ಯರಲ್ಲಿಗೆ ಕರೆದೊಯ್ದಿದ್ದಾರೆ, ಹರಕೆಗಳನ್ನು ಹೊತ್ತಿದ್ದಾರೆ. ಮಗನಿಗೆ ಒಂದೇ ಒಂದು ಪರೀಕ್ಷೆಯಾಗಿಲ್ಲ. ಸಂತಾನವಿಲ್ಲದ ದಂಪತಿಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಯಲ್ಲಿ ಪುರುಷನ ಕಡೆಯ ಕಾರಣವೂ ಸೇರಿರುತ್ತದೆ. ನನ್ನ ವೃತ್ತಿಯ ವರ್ಷಗಳಲ್ಲಿ ಸ್ತ್ರೀಯ ಗರ್ಭಕೋಶವನ್ನು ಎರಡೆರಡು ಸಲ ಶುಚಿ ಮಾಡಿಸಿ, ಕೊನೆಗೆ ಪುರುಷನ ವೀರ್ಯ ಪರೀಕ್ಷಿಸಿದಾಗ ಅದರಲ್ಲಿ ವೀರ್ಯಾಣುಗಳೇ ಇಲ್ಲದ್ದನ್ನು ಕಂಡಿದ್ದೇನೆ. ಅಂಥ ದಿನ ಆ ಹೆಣ್ಣುಮಗಳ ಮುಖ ನೋಡುವುದು ಸುಲಭವಲ್ಲ. ವೀರ್ಯ ಪರೀಕ್ಷೆಗೆ ಶಸ್ತ್ರಕ್ರಿಯೆಯಿಲ್ಲ, ನೋವಿಲ್ಲ, ಹೆಚ್ಚಿನ ಖರ್ಚಿಲ್ಲ. ಎರಡರಿಂದ ಏಳು ದಿನ ಸಂಯಮವಿಟ್ಟು, ಮಾದರಿಯನ್ನು ಒಂದು ತಾಸಿನೊಳಗೆ ಪ್ರಯೋಗಶಾಲೆಗೆ ಮುಟ್ಟಿಸಬೇಕು. ಕೊರತೆ ಕಂಡರೆ ಕೆಲವು ವಾರಗಳ ಅನಂತರ ಮತ್ತೊಮ್ಮೆ ಪರೀಕ್ಷೆ. ಹೊಸ ವೀರ್ಯಾಣುಗಳು ರೂಪುಗೊಳ್ಳಲು ಎರಡೂವರೆ ತಿಂಗಳ ಮೇಲೆ ಬೇಕಾಗುವುದರಿಂದ, ಗುಟಕಾ ಬೀಡಿಗಳನ್ನು ಇಂದು ಬಿಟ್ಟವರು ಫಲವನ್ನು ನಾಳೆಯೇ ನಿರೀಕ್ಷಿಸಲಾಗದು. ಪುರುಷತ್ವವೇ ಬೇರೆ, ವೀರ್ಯಾಣುಗಳ ಎಣಿಕೆಯೇ ಬೇರೆ. ಈ ಮಾತನ್ನು ಅತ್ತೆಯವರಿಗೆ ಸೊಸೆ ಹೇಳಲಾರಳು. ಮಾವನವರು ಮಗನಿಗೆ ಹೇಳಬೇಕು.

ಸೋದರಿ, ಮುಂದಿನ ಮುಟ್ಟಿಗೆ ಕಾಯದೆ ತಾಲ್ಲೂಕಿನ ಸ್ತ್ರೀರೋಗ ತಜ್ಞರಲ್ಲಿಗೆ ಹೋಗಿರಿ. ಕಳೆದ ಆರು ಮುಟ್ಟಿನ ದಿನಾಂಕಗಳು, ನುಂಗಿದ ಮಾತ್ರೆಗಳ ಚೀಟಿ, ಹಳೆಯ ಸ್ಕ್ಯಾನ್ ವರದಿಗಳು ಜೊತೆಗಿರಲಿ. ಥೈರಾಯ್ಡ್ ಮತ್ತು ಪ್ರೊಲ್ಯಾಕ್ಟಿನ್ ಪರೀಕ್ಷೆ ಆಗಿದೆಯೇ ಎಂದು ಕೇಳಿರಿ. 400 ಮೈಕ್ರೊಗ್ರಾಂ ಫೋಲಿಕ್ ಆಮ್ಲದ ಮಾತ್ರೆಯನ್ನು ಗರ್ಭ ನಿಲ್ಲುವುದಕ್ಕೆ ಮೊದಲೇ ಆರಂಭಿಸಬೇಕು, ಅದನ್ನು ಬರೆಸಿಕೊಳ್ಳಿರಿ. ಶನಿವಾರ ಹೋಗುವುದೇ ಒಳ್ಳೆಯದು, ಅಂದು ನಿಮ್ಮ ಪತಿಯೂ ಬಿಡುವಾಗಿರುತ್ತಾರೆ. ಅವರಿಗೂ ಒಂದು ಚೀಟಿ ಮಾಡಿಸಿರಿ.